ಒಂದೇ ಸಪ್ಪಳದ ಇಬ್ಬರು

ನಾನು ಮೆಟ್ಟು ಹೊಲಿಯುವವಳು. ಹೆಸರು ತಾಯವ್ವ. ನನಗಿಂತ ಮೊದಲು ನಮ್ಮಪ್ಪ ಹರಳಪ್ಪ ಇದೇ ಕಟ್ಟೆಯ ಮೇಲೆ ಇದೇ ರಂಪಿಗೆ ಹಿಡಿದು ಚರ್ಮ ಕೊಯ್ಯುತ್ತಿದ್ದ. ನಮ್ಮೂರಿನಲ್ಲಿ ಈ ಕಸುಬಿಗೆ ಇರುವ ಮರ್ಯಾದೆಯನ್ನು ಬೇರೆ ಊರಿನವರಿಗೆ ಹೇಳಿದರೆ ನಂಬುವುದಿಲ್ಲ. ನಮ್ಮಲ್ಲಿ ಮುಖ ಇರುವುದು ಉಣ್ಣಲಿಕ್ಕೆ, ನಗಲಿಕ್ಕೆ, ಅಳಲಿಕ್ಕೆ. ಗುರುತಿಗೆ ಅಲ್ಲ. ಈಗ ನೋಡಿದ ಮುಖ ಕಣ್ಣು ಆಚೆ ತಿರುಗಿಸಿದರೆ ನೀರಿನ ಮೇಲೆ ಬರೆದ ಗೆರೆಯಂತೆ ಹೋಗಿಬಿಡುತ್ತದೆ. ಹೆತ್ತವಳು ಕೂಡ ಸಂತೆಯಲ್ಲಿ ಕೂಸನ್ನು ಸೊಂಟದಿಂದ ಕೆಳಗಿಳಿಸುವುದಿಲ್ಲ. ಇಳಿಸಿದರೆ ಹತ್ತು ಕೂಸುಗಳಲ್ಲಿ ತನ್ನದು ಯಾವುದೆಂದು ಅಳು ಕೇಳಿಯೇ ಹುಡುಕಬೇಕು. ಅದಕ್ಕೇ ಮಕ್ಕಳು ಹೆಜ್ಜೆ ಇಡಲು ಕಲಿತ ವಾರದಲ್ಲೇ ಅವರನ್ನು ನನ್ನ ಅಂಗಡಿಗೆ ಎತ್ತಿಕೊಂಡು ಬರುತ್ತಾರೆ. ಎರಡು ಪದರ ಚರ್ಮದ ನಡುವೆ ಒಣಗಿದ ಬೀಜ, ತೆಳ್ಳನೆಯ ಪಟ್ಟಿ ಇಟ್ಟು ಹೊಲಿದರೆ ಮೆಟ್ಟು ಕಿರುಗುಟ್ಟುತ್ತದೆ. ಎಷ್ಟು ಬೀಜ, ಯಾವ ಬೀಜ, ಪಟ್ಟಿ ಹಿಮ್ಮಡಿಯ ಕೆಳಗೋ ಹೆಬ್ಬೆರಳ ಕೆಳಗೋ ಎಂಬುದರ ಮೇಲೆ ಒಂದೊಂದು ಜೋಡಿಗೆ ಒಂದೊಂದು ಸಪ್ಪಳ. ಆ ಸಪ್ಪಳವೇ ಆ ಮನುಷ್ಯ. ಓಣಿಯ ಆ ತುದಿಯಲ್ಲಿ ಅದು ಕೇಳಿದ ಕೂಡಲೇ ಹೆಂಡತಿ ರೊಟ್ಟಿಯ ಹಂಚು ಒಲೆಯ ಮೇಲಿಡುತ್ತಾಳೆ, ಸಾಲಗಾರ ಹಿತ್ತಿಲಿಗೆ ಹೋಗುತ್ತಾನೆ, ನಾಯಿ ಎದ್ದು ಬಾಲ ಅಲ್ಲಾಡಿಸುತ್ತದೆ.

ಅಪ್ಪ ನನಗೆ ಕಲಿಸಿದ ಕಟ್ಟಳೆಗಳು ಹೆಚ್ಚಿಲ್ಲ. ಒಬ್ಬರ ಸಪ್ಪಳ ಇನ್ನೊಬ್ಬರಿಗೆ ಕೊಡಬಾರದು. ಹಳೆಯ ಜೋಡಿ ಕತ್ತರಿಸದೆ ಹೊಸದು ಕೈಗೆ ಕೊಡಬಾರದು. ದೊಡ್ಡ ತಪ್ಪು ಮಾಡಿದವರ ಮೆಟ್ಟನ್ನು ಪಂಚರು ಹೇಳಿದ ದಿನ ಚಾವಡಿಯ ಮುಂದೆ ಕತ್ತರಿಸಬೇಕು. ನಮ್ಮೂರಿನಲ್ಲಿ ಜೈಲು ಇಲ್ಲ, ಅದರ ಅಗತ್ಯವೂ ಬಿದ್ದಿರಲಿಲ್ಲ. ಮೆಟ್ಟು ಹೋದ ಮೇಲೆ ಮನುಷ್ಯ ಊರಲ್ಲೇ ಇದ್ದರೂ ಯಾರೂ ಅಲ್ಲ. ತನ್ನ ಹೆಸರು ತಾನು ಹೇಳಿಕೊಳ್ಳುವಂತಿಲ್ಲ. ಹೆಂಡತಿ ಪಕ್ಕದಲ್ಲೇ ಹಾಯ್ದು ಹೋಗುತ್ತಾಳೆ, ಮಕ್ಕಳು ದಾರಿ ಬಿಡು ಎನ್ನುತ್ತಾರೆ. ಅಂಥವರನ್ನು ಬರಿಗಾಲವರು ಎನ್ನುತ್ತಿದ್ದೆವು. ಈ ಕೈಯಿಂದ ನಾನು ಏಳು ಜೋಡಿ ಕತ್ತರಿಸಿದ್ದೇನೆ. ಅದರಲ್ಲಿ ಒಂದು ನನ್ನ ತಮ್ಮ ಭರಮನದು. ಒಂಬತ್ತು ವರ್ಷದ ಹಿಂದೆ ಒಂದು ಮಾತಿಗೆ ಮಾತು ಬೆಳೆದು ಗಾಡಿ ಹೊಡೆಯುವ ಚೌಡಪ್ಪನ ಮೇಲೆ ಕಲ್ಲು ಬೀಸಿದ. ಚೌಡಪ್ಪನ ಎಡಗಣ್ಣು ಹೋಯಿತು. ಕತ್ತರಿಸಿದ ದಿನವೇ ಭರಮ ಊರು ಬಿಟ್ಟು ಹೋದನೆಂದು ನಾನು ಅಂದುಕೊಂಡೆ. ಹಾಗೆ ಅಂದುಕೊಂಡರೆ ನಿದ್ದೆ ಬರುತ್ತಿತ್ತು.

ಈ ಸಂಗತಿ ಶುರುವಾದದ್ದು ಕಾಶವ್ವನಿಂದ. ಕಾಶವ್ವ ಸುಣ್ಣದ ಭಟ್ಟಿಯ ಓಣಿಯವಳು, ಭಟ್ಟಿಯ ಆಳು ವಿರುಪಣ್ಣನ ಹೆಂಡತಿ. ಒಂದು ಬೆಳಿಗ್ಗೆ ಬಗಲಲ್ಲಿ ಹೆಣ್ಣುಕೂಸು ಇಟ್ಟುಕೊಂಡು ಬಂದು ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ತಾಯವ್ವಕ್ಕ, ಬಾಗಲಾ ಹಾಕ್ಲ್ಯಾ?" ಎಂದಳು.

"ಹಾಡಹಗಲ ಬಾಗಲಾ ಯಾಕ ಹಾಕ್ತಿ? ಏನು ಹೇಳೂದೈತಿ ಹೇಳು."

"ನನ್ನ ಗಂಡನ ಸಪ್ಪಳದಾಗ ಇಬ್ಬರು ಅದಾರ," ಎಂದಳು.

ನಾನೇ ಎದ್ದು ಬಾಗಿಲು ಹಾಕಿದೆ.

ಅವಳು ಹೇಳಿದ್ದು ಹೀಗೆ. ನಾಲ್ಕು ತಿಂಗಳಿನಿಂದ ವಿರುಪಣ್ಣ ಮಧ್ಯಾಹ್ನವೂ ಮನೆಗೆ ಬರತೊಡಗಿದ್ದ. ಭಟ್ಟಿ ಆರಲು ಬಿಟ್ಟಿದ್ದಾರೆ, ಒಂದು ತಾಸು ಬಿಡುವು ಎಂದ. ಭಟ್ಟಿಯ ಗಂಡಸರದೆಲ್ಲ ಒಂದೇ ದನಿ. ಸುಣ್ಣದ ಧೂಳು ಗಂಟಲಿಗೆ ಇಳಿದು ಇಳಿದು ಮೂವತ್ತು ವರ್ಷಕ್ಕೇ ಅವರ ಮಾತು ಒಣ ಎಲೆ ತುಳಿದಂತೆ ಆಗಿರುತ್ತದೆ. ಮೈಯಿಂದ ಬರುವುದೂ ಅದೇ ಸುಣ್ಣದ ವಾಸನೆ. ಬಂದು ಕುಳಿತು ಅರ್ಧ ರೊಟ್ಟಿ ಉಣ್ಣುತ್ತಿದ್ದ, ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ, ಅವಳು ಆಡಿದ ಮಾತನ್ನೆಲ್ಲ ಕೇಳುತ್ತಿದ್ದ, ಹೋಗುತ್ತಿದ್ದ. ಸಂಜೆ ಬಂದವನಿಗೆ ಅವಳು, "ಮಧ್ಯಾಹ್ನ ಕಡಿಮಿ ಉಂಡ್ರಿ," ಎಂದರೆ ಅವನು ಹೂಂ ಎನ್ನುತ್ತಿದ್ದ. ಬುತ್ತಿಯ ಮಾತು ಎಂದು ಅವನು ತಿಳಿದಿದ್ದ. ಬುತ್ತಿಯನ್ನೂ ಒಯ್ದು ಮನೆಯಲ್ಲೂ ಉಣ್ಣುತ್ತಾನಲ್ಲ, ಹಸಿವು ಹೆಚ್ಚಾಗಿರಬೇಕು ಎಂದು ಇವಳು ತಿಳಿದಿದ್ದಳು.

"ಹೋದ ಸೋಮವಾರ ಅವ ಉಣ್ಣಾಕತ್ತಿದ್ದ," ಎಂದಳು ಕಾಶವ್ವ. "ಕೂಸು ಅವನ ತೊಡಿ ಮ್ಯಾಲಿತ್ತು. ಓಣಿ ತುದಿಯಿಂದ ಸಪ್ಪಳ ಬಂತು. ನನ್ನ ಗಂಡನ ಸಪ್ಪಳ. ಗಂಡ ನನ್ನ ಮುಂದ ಕುಂತಾನ, ಮೆಟ್ಟು ಹೊಸ್ತಿಲದಾಗ ಅದಾವ, ಸಪ್ಪಳ ಓಣಿಯಾಗ ಬರಾಕತ್ತೈತಿ. ಅವ ತುತ್ತು ಎತ್ತಿದ ಕೈ ಹಂಗ ಹಿಡದ. ನಾನೂ ಹಂಗ ನಿಂತೆ. ಇಬ್ಬರೂ ಅದನ್ನ ಕೇಳಿಕೋತ ಇದ್ದಿವಿ. ಆಮ್ಯಾಲ ಅವ ಕೂಸನ್ನ ಮೆಲ್ಲಕ ಕೆಳಗ ಕುಂದ್ರಿಸಿದ, ಮೆಟ್ಟು ಕೈಯಾಗ ತಗೊಂಡ, ಹಿತ್ತಲ ಬಾಗಲದಿಂದ ಹೋದ. ಮುಂದಿನ ಬಾಗಲದಿಂದ ನನ್ನ ಗಂಡ ಬಂದ. ಕೈಗೆ ಕಲ್ಲು ಬಡದೈತಿ, ಅರಿವಿ ಕಟ್ಟು ಅಂದ. ತಾಟಿನ್ಯಾಗ ರೊಟ್ಟಿ ನೋಡಿ, ನಾ ಬರ್ತೇನಿ ಅಂತ ನಿನಗ ಹೆಂಗ ಗೊತ್ತಾತು ಅಂದ."

"ನೀ ಏನಂದಿ?"

"ಗೊತ್ತಾತು ಅಂದೆ." ಅವಳು ಕೂಸನ್ನು ಇನ್ನೊಂದು ಬಗಲಿಗೆ ಬದಲಿಸಿದಳು. "ಹೋದಾವ ನನ್ನ ಗಂಡನೋ, ಬಂದಾವ ನನ್ನ ಗಂಡನೋ, ಅದೂ ತಿಳೀವಲ್ದು. ಸಂಜೀತನಕ ಕೂಸಿನ ತೊಟ್ಟಿಲ ಹಿಡಕೊಂಡು ಕುಂತಿದ್ದೆ. ಸಂಜೀಕ ಬಂದಾವಗ ನಮ್ಮ ಮದುವಿ ದಿನ ಹಂದರ ಬಿದ್ದದ್ದು ಕೇಳಿದೆ. ಹೇಳಿದ. ಆವಾಗ ಜೀವ ಬಂತು."

ಕೇಳಬೇಕಾದದ್ದನ್ನು ನಾನು ಕೇಳಿದೆ. "ಮುಟ್ಟಿದನೇನು?"

"ಇಲ್ಲ. ಬೆರಳು ಸೈತ ಇಲ್ಲ." ಅವಳ ದನಿ ಗಟ್ಟಿಯಾಯಿತು. "ಆದ್ರ ನನ್ನ ಮೊದಲನೇ ಕೂಸು ಸತ್ತದ್ದರ ಮಾತು ಅವನ ಮುಂದ ಆಡೇನಿ. ನಾಕು ವರ್ಷದಾಗ ಗಂಡನ ಮುಂದ ಒಮ್ಮಿನೂ ಆಡಿರಲಿಲ್ಲ. ಸಂಜೀಕ ಅವ ದಣದು ಬರ್ತಾನ, ಕೇಳೂದಿಲ್ಲ. ಮಧ್ಯಾಹ್ನ ಕೇಳಾಕತ್ತಾನಲ್ಲ ಅಂತ ಎಲ್ಲಾ ಹೇಳಿದೆ. ಆ ಮಾತು ನನ್ನ ಗಂಡಗ ಇಟ್ಟದ್ದು. ಅದನ್ನ ಅವ ಕದ್ದ."

ನನ್ನ ಕೈಯೊಳಗಿನ ದಬ್ಬಳ ಅಲ್ಲೇ ನಿಂತಿತ್ತು. ಐದು ತಿಂಗಳ ಹಿಂದೆ ಒಬ್ಬ ಗಂಡಸು ವಿರುಪಣ್ಣನ ಬಲಗಾಲಿನ ಮೆಟ್ಟು ಹಿಡಿದುಕೊಂಡು ಬಂದಿದ್ದ. ಎಡಗಾಲಿನದು ಸುಣ್ಣದ ಗುಂಡಿಗೆ ಬಿದ್ದು ಸುಟ್ಟುಹೋಯಿತು ಎಂದ. ಎರಡೂ ಪಾದಕ್ಕೆ ಅರಿವೆ ಸುತ್ತಿಕೊಂಡಿದ್ದ, ಪಾದವೂ ಸುಟ್ಟಿದೆ ಎಂದ. ಭಟ್ಟಿಯವರ ಮೆಟ್ಟು ಸುಡುವುದು ಹೊಸದೇನಲ್ಲ. ಪಾದದ ಅಳತೆ ತೆಗೆಯದೆ, ತಂದ ಮೆಟ್ಟಿನ ಅಳತೆಯಲ್ಲೇ ನಾನು ಹೊಸ ಜೋಡಿ ಹೊಲಿದೆ. ಹಳೆಯ ಒಂಟಿ ಮೆಟ್ಟನ್ನು ಕಟ್ಟಳೆಯ ಪ್ರಕಾರ ಕತ್ತರಿಸಿ ಬುಟ್ಟಿಗೆ ಹಾಕಿದೆ.

"ಕಾಶವ್ವ," ಎಂದೆ, "ಆ ಎರಡನೇ ಜೋಡಿ ಹೊಲದಾಕಿ ನಾನ."

ಬೈಯುತ್ತಾಳೆ ಎಂದುಕೊಂಡೆ. "ಹಂಗಾರ ಹುಡುಕಾಕಿನೂ ನೀನ," ಎಂದಳು.

ಹೇಗೆ ಹುಡುಕಬೇಕೆಂದು ನನಗೆ ಗೊತ್ತಿತ್ತು. ಮೆಟ್ಟಿಗೆ ಸಪ್ಪಳ ಕೊಡುವುದು ನಾನು, ಸವೆತ ಕೊಡುವುದು ಕಾಲು. ಎರಡು ತಿಂಗಳು ಮೆಟ್ಟಿ ನಡೆದರೆ ಸಾಕು, ಚರ್ಮದಲ್ಲಿ ಆ ಪಾದ ಅಚ್ಚೊತ್ತಿಕೊಳ್ಳುತ್ತದೆ. ಹೆಬ್ಬೆರಳ ಗುಳಿ, ಹಿಮ್ಮಡಿಯ ಒರೆ, ಒಳಬದಿಗೆ ಒತ್ತುವವರು, ಹೊರಬದಿಗೆ ಒತ್ತುವವರು. ಊರಿನ ಮುಕ್ಕಾಲು ಮಂದಿಯ ಪಾದ ನನ್ನ ಬೆರಳಿಗೆ ಗೊತ್ತು. ಅವನು ಒಳಗೆ ಕುಳಿತು ಉಣ್ಣುವಾಗ ಮೆಟ್ಟು ಹೊಸ್ತಿಲಲ್ಲಿ ಇರುತ್ತದೆ. ನನಗೆ ಬೇಕಾದದ್ದು ಅಷ್ಟೇ. ಸೋಮವಾರದ ಮೇಲೆ ಅವನು ಬಂದಿರಲಿಲ್ಲ. "ಬರ್ತಾನ," ಎಂದೆ, "ಕದ್ದ ಸಿಹಿ ಒಮ್ಮಿಗೆ ಬಿಡೂದಿಲ್ಲ. ಬಂದ್ರ ಅಂಜಬ್ಯಾಡ, ದಿನದ ಹಂಗ ಬಡಸು." ದಿನಾ ಮಧ್ಯಾಹ್ನ ನಾನು ಅವಳ ಮನೆಯ ಎದುರಿನ ಜಗಲಿಯ ಮೇಲೆ ಕೂರುವುದೆಂದು ಗೊತ್ತುಮಾಡಿಕೊಂಡೆವು.

ನನ್ನ ಮೆಟ್ಟಿನ ಸಪ್ಪಳ ಕೇಳಿದರೆ ಅವನು ಬರುವುದಿಲ್ಲ. ಅದಕ್ಕೆ ಮೆಟ್ಟನ್ನು ಕಾಶವ್ವನ ಮನೆಯೊಳಗೆ ಬಿಟ್ಟು ಬರಿಗಾಲಲ್ಲಿ ಜಗಲಿಗೆ ಬಂದೆ. ಹುಟ್ಟಿ ಬುದ್ಧಿ ಬಂದ ಮೇಲೆ ನಾನು ಓಣಿಯಲ್ಲಿ ಬರಿಗಾಲಲ್ಲಿ ನಿಂತದ್ದು ಅದೇ ಮೊದಲು. ಇಪ್ಪತ್ತು ವರ್ಷದಿಂದ ನನ್ನ ಜೊತೆ ನೀರಿಗೆ ಬರುವ ಗೆಳತಿ ಕೊಡ ಹೊತ್ತು ಬಂದಳು. ಅವಳ ಸಪ್ಪಳ ಕೇಳಿ ನಾನು ಅಭ್ಯಾಸದಿಂದ ನಕ್ಕೆ. ಅವಳ ಕಣ್ಣು ನನ್ನ ಮುಖ ನೋಡಿತು, ಪಾದ ನೋಡಿತು, ಆಮೇಲೆ ಗೋಡೆ ನೋಡಿದಂತೆ ನನ್ನನ್ನು ದಾಟಿ ನೋಡಿತು. "ಅತ್ತಾಗ ಸರಿ," ಎಂದಳು. ಸರಿದೆ. ಬಾಯಿ ತೆರೆದು ನಾನು ತಾಯವ್ವ ಎಂದಿದ್ದರೆ ಮುಗಿಯುತ್ತಿತ್ತು. ಆದರೂ ಇಲ್ಲೇ ನಾನು ಬಿದ್ದು ಸತ್ತರೆ ನನ್ನನ್ನು ಹೂಳುವವರು ಯಾರನ್ನು ಹೂಳಿದೆವೆಂದು ಹೇಳುತ್ತಾರೆ ಎಂಬ ವಿಚಾರ ಬಂತು.

ಎರಡು ದಿನ ಅವನು ಬರಲಿಲ್ಲ. ಮೂರನೆಯ ದಿನ, ಬಿಸಿಲು ನೆತ್ತಿಗೆ ಬಂದ ಹೊತ್ತಿನಲ್ಲಿ, ನಾನೇ ಹೊಲಿದ ಆ ಸಪ್ಪಳ ಓಣಿಯ ತಿರುವಿನಲ್ಲಿ ಕೇಳಿತು. ತಲೆಗೆ ಅರಿವೆ ಸುತ್ತಿದ ಗಂಡಸು ನನ್ನ ಮುಂದೆಯೇ ಹಾಯ್ದು ಹೋಗಿ ಕಾಶವ್ವನ ಹೊಸ್ತಿಲಲ್ಲಿ ಮೆಟ್ಟು ಬಿಟ್ಟು ಒಳಗೆ ಹೋದ. "ಬಂದ್ರೀ?" ಎಂದಳು ಕಾಶವ್ವ. ಅವಳ ದನಿ ತಪ್ಪಲಿಲ್ಲ, ಮೆಚ್ಚಿದೆ. ತಾಟು ಇಟ್ಟ ಸದ್ದು ಕೇಳಿದ ಮೇಲೆ ನಾನು ಓಣಿ ದಾಟಿ ಹೊಸ್ತಿಲಲ್ಲಿ ಕುಳಿತು ಬಲಗಾಲಿನ ಮೆಟ್ಟು ಎತ್ತಿಕೊಂಡೆ.

ಮೊದಲು ಅಡಿ ನೋಡಿದೆ. ಹೊರಬದಿಯ ಅಂಚು ಚಂದ್ರನಂತೆ ಸವೆದಿತ್ತು. ಆಮೇಲೆ ಬೆರಳುಗಳನ್ನು ಒಳಗೆ ಹಾಯಿಸಿದೆ. ಹೆಬ್ಬೆರಳ ಗುಳಿ ಇತ್ತು, ಎರಡನೆಯ ಬೆರಳ ಗುಳಿ ಇರಲಿಲ್ಲ. ಎರಡನೆಯ ಬೆರಳು ಹೆಬ್ಬೆರಳ ಮೇಲೆ ಏರಿ ಕೂತ ಪಾದ ಅದು. ನಮ್ಮ ತಮ್ಮ ಏಳು ವರ್ಷದವನಿದ್ದಾಗ ಗಾಡಿಯ ಗಾಲಿ ಅವನ ಬಲಪಾದದ ಮೇಲೆ ಹಾಯ್ದಿತ್ತು. ಗಾಯ ಮಾಯ್ದ ಮೇಲೆ ಆ ಬೆರಳಿಗೆ ನೋವಾಗದಂತೆ ಬೆರಳು ತೂರಿಸುವ ಉಂಗುಟ ಅಗಲ ಮಾಡಿ ಮೆಟ್ಟು ಹೊಲಿದದ್ದು ನಾನು. ಅಪ್ಪ ನನ್ನ ಕೈಗೆ ಬಿಟ್ಟ ಮೊದಲ ಜೋಡಿ ಅದು. ಅವ್ವ ಇಲ್ಲದ ಮನೆಯಲ್ಲಿ ಆ ಪಾದವನ್ನು ನಾನು ಎಷ್ಟು ಸಲ ತೊಳೆದಿದ್ದೆನೋ ಲೆಕ್ಕವಿಲ್ಲ. ಕೈ ಮೆಟ್ಟಿನೊಳಗೇ ಇತ್ತು. ಹೊರಗೆ ತೆಗೆಯಲು ಆಗಲಿಲ್ಲ.

ಅವನು ಕೈ ತೊಳೆದು ಹೊರಗೆ ಬಂದು, ಹೊಸ್ತಿಲಲ್ಲಿ ಕುಳಿತ ಹೆಂಗಸನ್ನು ನೋಡಿ ನಿಂತ. ನಾನು ಯಾರೆಂದು ಅವನಿಗೆ ತಿಳಿಯಲಿಲ್ಲ, ನಾನು ಬರಿಗಾಲಲ್ಲಿದ್ದೆ.

"ಮೆಟ್ಟು ಕೊಡು," ಎಂದ.

"ಯಾರವು?"

"ನನ್ನವು."

"ನಿನ್ನವು ಚಾವಡಿ ಮುಂದ ಕತ್ತರಿಸೇನಿ, ಭರಮಾ," ಎಂದೆ.

ಅವನು ಆ ಹೆಸರಿನವನು ಯಾರಾದರೂ ಹಿಂದೆ ನಿಂತಿದ್ದಾನೋ ಎಂಬಂತೆ ತಿರುಗಿ ನೋಡಿದ. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಧಾನಕ್ಕೆ ಕುಳಿತ. ನಮ್ಮಿಬ್ಬರ ಮೊಣಕಾಲು ತಾಗುತ್ತಿದ್ದವು.

"ಊರು ಬಿಟ್ಟಿ ಅಂದ್ಕೊಂಡಿದ್ದೆ," ಎಂದೆ.

"ಎಲ್ಲಿಗೆ ಹೋಗ್ಲಿ? ಭಟ್ಟಿ ಹಿಂದಿನ ಕ್ವಾರಿಯಾಗ ಸುಣ್ಣದ ಕಲ್ಲು ಹೊರ್ತೇನಿ. ದಿನಾ ನಿನ್ನ ಅಂಗಡಿ ಮುಂದ ಹಾಯ್ತೇನಕ್ಕ. ಎರಡು ಸಲ ಬಂದು ಮುಂದ ನಿಂತಿದ್ದೆ. ಬೆಳಕಿಗೆ ಅಡ್ಡ ನಿಂದ್ರಬ್ಯಾಡ, ಸರಿ ಅಂದಿ."

ಕಾಶವ್ವ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಿದ್ದಳು. ಇಷ್ಟು ದಿನ ಅವಳು ಬಿಗಿಹಿಡಿದ ಸಿಟ್ಟು ಈಗ ಮೆಲುದನಿಯಲ್ಲಿ ಬಂತು. "ಊರಾಗ ಇಷ್ಟು ಮನಿ ಅದಾವ. ನಮ್ಮನ್ಯಾಕ ಹಿಡದಿ? ನಾ ನಿನಗ ಏನು ಮಾಡಿದ್ದೆ?"

"ನಿಮ್ಮನಿ ಅಂತ ಏನಿಲ್ಲವ್ವ," ಎಂದ ಭರಮ. "ನಿನ್ನ ಗಂಡ ಹಳೇ ಮೆಟ್ಟು ಸುಟ್ಟು ಹೋದಾವ ಅಂತ ಅಕ್ಕಗ ಹೇಳಿ ಹೊಸಾವ ತಗೊಂಡು, ಹಳೇವನ್ನ ಭಟ್ಟಿ ಬೇಲಿ ಮ್ಯಾಲ ಒಗದಿದ್ದ. ಒಂದು ಸಿಕ್ತು. ಯಾರದು ಸಿಕ್ಕಿದ್ರೂ ಅವರ ಮನಿಗೆ ಹೋಗ್ತಿದ್ನಿ. ಬಾಗಲದಾಗ ಯಾರರೆ ‘ಬಂದಿ?’ ಅನ್ನೂದು ಕೇಳಬೇಕಾಗಿತ್ತು. ಅಷ್ಟ."

ಸಮಾಧಾನಕ್ಕೆ ಆಡಿದ ಆ ಮಾತು ಕಾಶವ್ವನಿಗೆ ಎಲ್ಲಕ್ಕಿಂತ ಹೆಚ್ಚು ನಾಟಿತು. "ಅಂದ್ರ ನಾ ಯಾರರೆ ಆಗಿದ್ರೂ ನಡೀತಿತ್ತು," ಎಂದಳು. "ನಾ ನಿನಗ ನನ್ನ ಕೂಸಿನ ಹೆಸರು ಹೇಳಿದೆ." ಒಳಗಿಂದ ನನ್ನ ಮೆಟ್ಟು ತಂದು ನನ್ನ ಮುಂದಿಟ್ಟು ಬಾಗಿಲು ಹಾಕಿಕೊಂಡಳು.

ಭರಮನ ಮುಂಗೈ ಹಿಡಿದುಕೊಂಡೇ ಅವನನ್ನು ನನ್ನ ಅಂಗಡಿಗೆ ಕರೆತಂದೆ. ಸಂತೆ ಬೀದಿಯಲ್ಲಿ ಕೈ ಬಿಟ್ಟರೆ ಹತ್ತು ಹೆಜ್ಜೆಯೊಳಗೆ ಅವನು ಮತ್ತೆ ಯಾರೋ ಆಗಿಬಿಡುತ್ತಾನೆ ಎಂಬ ಭಯ ನನಗೆ. ವಿರುಪಣ್ಣನ ಸಪ್ಪಳದ ಆ ಜೋಡಿ ನನ್ನ ಸೆರಗಿನಲ್ಲಿತ್ತು. ಅದನ್ನು ಒಲೆಗೆ ಹಾಕಿ, ಬಾಯಿ ಮುಚ್ಚಿಕೊಂಡು, ತಮ್ಮನಿಗೆ ದಿನಾ ಒಂದು ತುತ್ತು ಇಟ್ಟು ಕಳಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ದಾರಿಯನ್ನೂ ನಾನು ಯೋಚಿಸಿ ನೋಡಿದೆ. ಆದರೆ ನಾಳೆ ಇನ್ನೊಂದು ಬೇಲಿಯ ಮೇಲೆ ಇನ್ನೊಬ್ಬರ ಮೆಟ್ಟು, ಇನ್ನೊಬ್ಬ ಬರಿಗಾಲವ, ಇನ್ನೊಬ್ಬಳು ಕಾಶವ್ವ. ಮತ್ತೆ ಹೊಲಿಯುವವಳು ನಾನೇ. ಸೋಮವಾರ ಚಾವಡಿಗೆ ಹೋಗಿ ಎಲ್ಲವನ್ನೂ ಹೇಳುವುದೆಂದು ನಿಶ್ಚಯಿಸಿದೆ. ಅದಕ್ಕೆ ಮೊದಲು ಚರ್ಮ ನೆನೆಹಾಕಿದೆ. ಭರಮನ ಸಪ್ಪಳಕ್ಕೆ ಯಾವ ಬೀಜ, ಎಷ್ಟು ಎಂದು ನೆನೆಯಬೇಕಾಗಲಿಲ್ಲ, ಕೈಗೆ ನೆನಪಿತ್ತು. ಮರುದಿನ ಬೆಳಿಗ್ಗೆ ಜೋಡಿ ಮುಗಿದಾಗ ಅವನು ಮೆಟ್ಟಿಕೊಂಡು ಈ ಗೋಡೆಯಿಂದ ಆ ಗೋಡೆಗೆ ನಡೆದ. ತಿರುಗಿ ನಡೆದ. "ಸಾಕು, ಕುಂದ್ರು, ಕಾಲು ನೊಂದಾವು," ಎಂದೆ. "ಇನ್ನೊಮ್ಮಿ," ಎಂದ. ಮಧ್ಯಾಹ್ನದವರೆಗೂ ಹಾಗೇ ಎನ್ನುತ್ತಿದ್ದ.

ಕಾಶವ್ವನಿಗೆ ಹೇಳಲು ಹೋದಾಗ ಅವಳು ಬಾಗಿಲು ಅರ್ಧವೇ ತೆರೆದಳು. "ಪಂಚರಿಗೆ ಗೊತ್ತಾದ್ರ, ಪರಗಂಡಸಿಗೆ ಬಾಗಲಾ ತಗದಾಕಿ ಅಂತ ನನ್ನ ಮೆಟ್ಟೂ ಹೋಗ್ತಾವ," ಎಂದಳು.

"ನೀ ಸಪ್ಪಳಕ್ಕ ಬಾಗಲಾ ತಗದಿ. ಸಪ್ಪಳ ಕೊಟ್ಟಾಕಿ ನಾನು. ಹೋಗೂದಿದ್ರ ನನ್ನವು ಹೋಗ್ಲಿ."

ಅವಳು ಯೋಚಿಸಿದಳು. "ಹಂಗಾರ ಮೊದಲ ನಾನ ಗಂಡಗ ಹೇಳ್ತೇನಿ. ಚಾವಡಿಯಾಗ ಕೇಳಬಾರದು ಅವ." ಅಂದು ಸಂಜೆಯೇ ಹೇಳಿದಳಂತೆ. ವಿರುಪಣ್ಣ ಎದ್ದು ಹೋಗಿ ಎರಡು ದಿನ ಭಟ್ಟಿಯಲ್ಲೇ ಉಳಿದ. ಸೋಮವಾರ ಬೆಳಿಗ್ಗೆ ಚಾವಡಿಗೆ ಬಂದು ಹೆಂಡತಿಯ ಪಕ್ಕದಲ್ಲಿ ನಿಂತ. ಅಷ್ಟು ಮಾಡಿದ್ದೇ ದೊಡ್ಡದು.

ಪಂಚರ ಹಿರಿಯ ಸೋಮಲಿಂಗಪ್ಪ. ನಾನು ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಸಪ್ಪಳ ಕದಿಯಬಹುದು ಎಂಬ ಮಾತು ಚಾವಡಿಯಲ್ಲಿ ಬಿದ್ದಾಗ ಮಂದಿ ತಮ್ಮ ತಮ್ಮ ಪಕ್ಕದಲ್ಲಿ ನಿಂತವರ ಕಡೆ ನೋಡಿದರು. ಮುಖ ನೋಡಿ ಏನೂ ಸಿಗದೆ ಪಾದ ನೋಡಿದರು. ಸೋಮಲಿಂಗಪ್ಪ ಕೈ ಎತ್ತಿದ. "ಕಳ್ಳ ಜೋಡಿ ಕತ್ತರಿಸು. ಇವಂಗ ಹೊಲದ ಹೊಸಾ ಜೋಡಿ ಕತ್ತರಿಸು. ಆಮ್ಯಾಲ ನಿನ್ನವು ಬಿಚ್ಚಿ ಇಡು."

ವಿರುಪಣ್ಣನ ಸಪ್ಪಳದ ಎರಡನೆಯ ಜೋಡಿಯನ್ನು ಅವರೆದುರೇ ನಾಲ್ಕು ತುಂಡು ಮಾಡಿದೆ. ಆಮೇಲೆ ರಂಪಿಗೆಯನ್ನು ಸೋಮಲಿಂಗಪ್ಪನ ಮುಂದಿನ ಕಲ್ಲಿನ ಮೇಲಿಟ್ಟೆ.

"ನನ್ನವು ಬೇಕಾದ್ರ ಕತ್ತರಿಸ್ರಿ," ಎಂದೆ. "ನನ್ನ ತಮ್ಮನವು ನಾ ಮುಟ್ಟೂದಿಲ್ಲ. ಒಮ್ಮೆ ಮುಟ್ಟೇನಿ, ಸಾಕು. ಯಾರರೆ ಮುಟ್ಟಿದ್ರ, ಇವತ್ತಿನಿಂದ ಈ ಊರಾಗ ಒಂದು ಹೊಲಿಗಿ ಹಾಕೂದಿಲ್ಲ. ನಿಮ್ಮ ಮೊಮ್ಮಗ ನಡ್ಯಾಕ ಕಲ್ತಾನ, ಅವಂಗ ಮೆಟ್ಟು ಯಾರು ಹೊಲೀತಾರ ನೋಡಿಕೊಳ್ರಿ."

"ಊರಿಗೆ ಅಂಜಿಕಿ ಹಾಕ್ತಿಯೇನು?"

"ಹೂಂ, ಹಾಕ್ತೇನಿ," ಎಂದೆ.

ಗದ್ದಲವಾಯಿತು. ಅದರ ನಡುವೆ ಕಾಶವ್ವ ಮುಂದೆ ಬಂದಳು. ಕೂಸನ್ನು ಗಂಡನ ಕೈಗೆ ಕೊಟ್ಟಿದ್ದಳು. "ಇವಂಗ ಮೆಟ್ಟು ಬೇಕಂತ ನಾನೂ ಕೇಳ್ತೇನ್ರಿ," ಎಂದಳು. "ಕರುಣಾದಿಂದ ಅಲ್ಲ. ಇವನ ಮುಖ ಈಗ ನನ್ನ ಮುಂದೈತಿ. ಮನಿ ಮುಟ್ಟೂದ್ರಾಗ ಮರೀತೇನಿ. ನಾಳೆ ಬಾವಿ ಹಂತ್ಯಾಕ ನನ್ನ ಬಾಜೂಕ ಬಂದು ನಿಂತ್ರ ನನಗ ತಿಳಿಯೂದಿಲ್ಲ. ಕೂಸು ಎತ್ತಿಕೊಂಡ್ರ ತಿಳಿಯೂದಿಲ್ಲ. ಮೆಟ್ಟಿದ್ರ, ಓಣಿ ತುದಿಗೆ ಬಂದಾಗ ತಿಳೀತೈತಿ, ಬಾಗಲಾ ಹಾಕ್ಕೋತೇನಿ. ತಪ್ಪು ಮಾಡಿದಾವನ ಸಪ್ಪಳ ತಗದು ನಮ್ಮ ನಡುವ ಬಿಡ್ತೀರಿ. ಹಾವಿನ ಬುಸ್ ಅನ್ನೂದು ಕಿತ್ತು ಹಾವನ್ನ ಮನ್ಯಾಗ ಬಿಟ್ಟಂಗ. ಇದು ಅವಂಗ ಶಿಕ್ಷಾನೋ ನಮಗ ಶಿಕ್ಷಾನೋ?"

ಹಿಂದಿನಿಂದ ಗಾಡಿಯ ಚೌಡಪ್ಪ ಮಾತಾಡಿದ. ಅವನ ದನಿ ಕೇಳಿ ಭರಮ ತಲೆ ತಗ್ಗಿಸಿದ. "ಒಂಬತ್ತು ವರ್ಷ ಆತು," ಎಂದ ಚೌಡಪ್ಪ. "ಬೆನ್ನ ಹಿಂದ ಬರಿಗಾಲು ಬಂದ್ರ ಅವನ ಅಂತ ಬೆಚ್ಚಿ ಬೀಳ್ತೇನಿ. ಒಂದು ದಿನ ಸಮಾಧಾನದಿಂದ ಸಂತ್ಯಾಗ ನಡದಿಲ್ಲ. ಅವ ಎಲ್ಲಿದಾನ ಅಂತ ನನಗ ಕೇಳಿಸ್ಬೇಕು. ಹೊಲೀಲಿ ಆಕಿ."

ಸೋಮಲಿಂಗಪ್ಪ ಯೋಚಿಸಲು ಮೂರು ದಿನ ಕೇಳಿದ. ಆ ಮೂರು ದಿನ ನಾನು ಅಂಗಡಿಯ ಬಾಗಿಲು ತೆರೆದಿಟ್ಟು, ಕೈ ಕಟ್ಟಿಕೊಂಡು ಕುಳಿತೆ. ಉಂಗುಟ ಕಿತ್ತವರು, ಬೀಜ ಒಡೆದು ಸಪ್ಪಳ ಮಂಕಾದವರು ಬಂದು ನಿಂತರು. "ಪಂಚರನ್ನ ಕೇಳ್ರಿ," ಎಂದೆ. ಕೆಲವರು ಬೈದರು, ಒಬ್ಬಳು ಅತ್ತಳು. ಅವಳ ಮಗನಿಗೆ ಮೆಟ್ಟು ಸಣ್ಣದಾಗಿತ್ತು. ಎದ್ದು ಹೊಲಿದುಬಿಡಲೇ ಎಂದು ಕೈ ಮುಂದೆ ಹೋಯಿತು. ಹಿಂದೆ ಎಳೆದುಕೊಂಡೆ. ನಾಲ್ಕನೆಯ ದಿನ ಸೋಮಲಿಂಗಪ್ಪ ತಾನೇ ನನ್ನ ರಂಪಿಗೆ ಹಿಡಿದುಕೊಂಡು ಬಂದ. ಬರಿಗಾಲವರಿಗೆ ಅವರವರ ಸಪ್ಪಳ ಕೊಡಬಹುದು. ಆದರೆ ಹಿಮ್ಮಡಿಗೆ ಒಂದು ಕಬ್ಬಿಣದ ಎಲೆ ಬಡಿಯಬೇಕು, ತಪ್ಪು ಮಾಡಿದವರೆಂದು ಊರಿಗೆ ಕೇಳಬೇಕು. ಎಷ್ಟು ವರ್ಷವೆಂದು ಪಂಚರು ಹೇಳುತ್ತಾರೆ. ನೋಡದೆ ಎರಡನೆಯ ಜೋಡಿ ಹೊಲಿದದ್ದಕ್ಕೆ ನನಗೂ ಒಂದು ವರ್ಷ ಎಲೆ. ಆ ಎಲೆ ನನಗೆ ಹಿಡಿಸಲಿಲ್ಲ. ಆದರೂ ಒಪ್ಪಿಕೊಂಡೆ, ನನ್ನದನ್ನು ನಾನೇ ಮೊದಲು ಬಡಿದುಕೊಂಡೆ.

ಭರಮ ಕ್ವಾರಿಯ ಕೆಲಸಕ್ಕೇ ಹೋಗುತ್ತಾನೆ. ಸಂಜೆ ನನ್ನ ಮನೆಗೆ ಬರುತ್ತಾನೆ, ‘ಬಂದಿ?’ ಎನ್ನುತ್ತೇನೆ. ಭಟ್ಟಿಯ ಓಣಿಯಲ್ಲಿ ಅವನು ಹಾಯುವಾಗ ಕಾಶವ್ವ ಬಾಗಿಲು ಹಾಕಿಕೊಳ್ಳುತ್ತಾಳೆ, ಈಗಲೂ. ಅವಳು ಕ್ಷಮಿಸಿಲ್ಲ, ನಾನು ಕೇಳಿಯೂ ಇಲ್ಲ. ವಿರುಪಣ್ಣ ಈಗ ಮೆಟ್ಟು ಬಿಡುವ ಮೊದಲು ಹೊಸ್ತಿಲಲ್ಲಿ ನಿಂತು ಹೆಂಡತಿಯ ಹೆಸರು ಕರೆಯುತ್ತಾನಂತೆ. ಒಂದು ಸಂಜೆ, ಹೋದ ಕೂಸಿನ ಮಾತು ನನಗೂ ಹೇಳು ಎಂದನಂತೆ. ಅದನ್ನು ಹೇಳಲು ಕಾಶವ್ವ ನನ್ನ ಅಂಗಡಿಯವರೆಗೂ ಬಂದಿದ್ದಳು.

ಅಪ್ಪ ಕತ್ತರಿಸಿದ್ದು, ನಾನು ಕತ್ತರಿಸಿದ್ದು ಸೇರಿ ಊರಿನಲ್ಲಿ ಎಂಟೋ ಹತ್ತೋ ಬರಿಗಾಲವರು ಉಳಿದಿರಬಹುದು ಎಂದುಕೊಂಡಿದ್ದೆವು. ಹದಿನೇಳು ಮಂದಿ ಬಂದರು. ಒಬ್ಬೊಬ್ಬರಾಗಿ, ಗೋಡೆಯ ಪಕ್ಕ ಹಿಡಿದುಕೊಂಡು, ಬಾಗಿಲಲ್ಲಿ ತಡೆದು ಒಳಗೆ ಬರಬಹುದೇ ಎಂದು ಕೇಳಿ. ತಮ್ಮ ಸಪ್ಪಳವನ್ನು ಬಾಯಿಂದ ಮಾಡಿ ತೋರಿಸಿದರು, ನಾನು ಬೀಜ ಆರಿಸಿ ಹೊಲಿದೆ. ಕೊನೆಯವನು ಒಬ್ಬ ಮುದುಕ. ಅವನಿಗೆ ತನ್ನ ಸಪ್ಪಳ ನೆನಪಿರಲಿಲ್ಲ. ಹೆಸರು ಕೇಳಿದೆ, ಅದೂ ಹೋಗಿತ್ತು. "ಯಾವ ತಪ್ಪಿಗೆ ಕತ್ತರಿಸಿದ್ರು?" ಎಂದೆ. "ಅದನ್ನೂ ಮರ್ತೇನವ್ವ," ಎಂದ. ಅವನ ಪಾದ ತೊಳೆದು ತೊಡೆಯ ಮೇಲಿಟ್ಟುಕೊಂಡು ನೋಡಿದೆ; ನನಗೆ ಗೊತ್ತಿದ್ದ ಪಾದವಲ್ಲ. ಮೂರು ಬೀಜ ಇಟ್ಟು ಕಚ್ಚಾ ಹೊಲಿಗೆ ಹಾಕಿ ನಡೆಸಿದೆ. ಅವನು ತಲೆ ಅಲ್ಲಾಡಿಸಿದ. ಬಿಚ್ಚಿ ಐದು ಇಟ್ಟೆ, ಪಟ್ಟಿ ಹಿಂದಕ್ಕೆ ಸರಿಸಿದೆ, ಬೀಜ ಬದಲಿಸಿದೆ. ಬೆಳಿಗ್ಗೆಯಿಂದ ಹನ್ನೊಂದು ಸಲ. ಹನ್ನೊಂದನೆಯ ಸಲ ಅವನು ಬಾಗಿಲವರೆಗೆ ನಡೆದು ಹೋಗಿ ಅಲ್ಲೇ ನಿಂತ, ಇನ್ನೆರಡು ಹೆಜ್ಜೆ ಇಟ್ಟು ಮತ್ತೆ ಕೇಳಿಕೊಂಡ.

"ಇದಲ್ಲ," ಎಂದ. "ಆದ್ರ ಇದು ಛಲೋ ಐತಿ. ಇದ ಇರ್ಲಿ."

ಅವನನ್ನು ಕೂರಿಸಿ ಗಟ್ಟಿ ಹೊಲಿಗೆ ಹಾಕಿದೆ.